ಸಂಕ್ರಾಂತಿಯ ಹಿಂದಿನ ದಿನ ಅಪ್ಪ ತಡೆದ ನೀರು

ಇವತ್ತು ಮುಂಡರಗಿಯ ದಾರಿಯಲ್ಲಿ ಬಸ್ಸು ಚರಂಡಿ ದಾಟುವಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಅಪ್ಪನ ನೆನಪಾಯಿತು.

ಅಪ್ಪ ಊರಿನ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸಕ್ಕಿದ್ದ. ಅಲ್ಲಿ ದೊಡ್ಡ ತೊಟ್ಟಿಗೆ ಗಾಳಿ ಊದುತ್ತಿದ್ದರು. ಕಣ್ಣಿಗೆ ಕಾಣದ ಜೀವಿಗಳು ಹೊಲಸನ್ನು ತಿಂದು, ಕೆಸರು ತಳಕ್ಕೆ ಕೂತು, ತಿಳಿನೀರು ಹಳ್ಳದಿಂದ, ಅಜ್ಜಿಯ ಊರಾದ ಹಮ್ಮಿಗಿಯ ಮೇಲ್ಗಡೆ, ತುಂಗಭದ್ರೆಗೆ ಹೋಗುತ್ತಿತ್ತು. ಬಿಡುವ ಮೊದಲು ಅಪ್ಪ ಗಾಜಿನ ಬಾಟಲಿಯಲ್ಲಿ ಆ ನೀರು ತುಂಬಿ, ಅಂಗಿಯ ತುದಿಯಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ.

ಸಂಕ್ರಾಂತಿಯ ಹಿಂದಿನ ದಿನ ನಾನು ಬುತ್ತಿ ಒಯ್ದಿದ್ದೆ. ಬೆಳಗಿನಿಂದ ಕರೆಂಟ್ ಇರದೆ ನಿಂತಿದ್ದ ಗಾಳಿಯ ಯಂತ್ರ ಆಗಷ್ಟೇ ಶುರುವಾಗಿತ್ತು. ನೀರು ಇನ್ನೂ ಕಪ್ಪಗಿತ್ತು.

"ಬಿಟ್ಟಬಿಡೋ ಮಾರಾಯಾ, ಹೊಳಿ ದೊಡ್ಡದೈತಿ. ಹಬ್ಬಕ್ಕ ಜಲ್ದಿ ಮನಿಗೆ ಹೋಗೂಣು," ಎಂದರು ಮೇಲಿನ ಸಾಹೇಬರು.

ಅಪ್ಪ ಬಾಟಲಿಯನ್ನು ಅವರ ಮುಂದೆ ಹಿಡಿದ. "ಇದನ್ನ ತಲಿ ಮ್ಯಾಲೆ ಹಾಕ್ಕೋತೀರೇನ್ರಿ ಸಾಹೇಬ್ರ? ನಾಳಿ ಹಮ್ಮಿಗ್ಯಾಗ ನಮ್ಮವ್ವ ಹೊಳ್ಯಾಗ ಮುಳಗತಾಳ್ರಿ."

ಸಾಹೇಬರು ಬಾಟಲಿಯಿಂದ ಹಿಂದೆ ಸರಿದರು. ಅಪ್ಪ ಸಂಜೆಯ ತನಕ ಗಾಳಿ ಊದಿಸಿ, ನೀರು ತಿಳಿಯಾದ ಮೇಲೆಯೇ ಹೊರಗೆ ಬಿಟ್ಟ.

ಮರುದಿನ ಹಮ್ಮಿಗಿಯಲ್ಲಿ ಅಜ್ಜಿ ಮೂರು ಸಲ ಮುಳುಗಿ ಎದ್ದಳು. "ಗಂಗವ್ವ ಎಷ್ಟ ತಿಳಿ ಅದಾಳ ನೋಡಲೇ! ತನ್ನ ಹೊಲಸ ತಾನ ತೊಳ್ಕೋತಾಳ."

"ಹೂಂ ಬೇ," ಎಂದು ಅಪ್ಪ ತಲೆ ಒರೆಸಿಕೊಂಡ. ತೊಳೆದದ್ದು ಅಪ್ಪ ಎಂಬ ಖರೆ ಸಂಗತಿಯನ್ನು ಆಕೆಯ ಎದುರು ಹೇಳಲು ನನಗೂ ಸಂಕೋಚವಾಯಿತು.

ಅಪ್ಪ ಇಂದಿಗೂ ಅದನ್ನು ಯಾರಿಗೂ ಹೇಳಿಲ್ಲ, ನಾನೂ ಹೇಳಿಲ್ಲ. ಅಜ್ಜಿಗೆ ಓದಲು ಬರುವುದಿಲ್ಲ. ಹಮ್ಮಿಗಿಯವರು ಯಾರಾದರೂ ಇದನ್ನು ನೋಡಿದರೆ, ದಯವಿಟ್ಟು ಆಕೆಗೆ ಓದಿ ಹೇಳಿರಿ.