ಫ್ಯಾನಿನ ಸದ್ದಿನ ಪರೀಕ್ಷೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಗಾಗಿ ಗಾಳಿಯಂತ್ರದ ಮೇಲಿನ ಜಗಳವೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತದೆ. ನನ್ನ ಗಂಡನ ಮನೆ ಹಿರೇಗುಂಟನೂರು ಕಡೆ. ಕರೆಂಟು ಮಾಡುವ ಆ ಯಂತ್ರಗಳು ಗುಡ್ಡದ ಉದ್ದಕ್ಕೂ ನಿಂತಿವೆ. ಊರವರ ಬಾಯಲ್ಲಿ ಅವು ಫ್ಯಾನು. ಮಳೆ ತಪ್ಪಿದ ವರ್ಷ ಫ್ಯಾನು ಮೋಡ ಓಡಿಸಿತು ಎನ್ನುತ್ತಾರೆ. ಕೆರೆ ಕೋಡಿ ಬಿದ್ದ ವರ್ಷ ಫ್ಯಾನಿನ ಸುದ್ದಿಯೇ ಇಲ್ಲ. ಕುರಿ ಸಾಕುವ ನಮ್ಮ ಮಾವನಿಗೆ ಮಾತ್ರ ಅವುಗಳ ಮೇಲೆ ಸಿಟ್ಟಿಲ್ಲ. ಮಧ್ಯಾಹ್ನ ಕಂಬದ ನೆರಳಿನಲ್ಲಿ ಕುರಿಗಳು ಸಾಲಾಗಿ ಮಲಗುತ್ತವೆ, ನೆರಳು ಸರಿದಂತೆ ಎದ್ದು ಸರಿಯುತ್ತವೆ.

ಮೊದಲ ಹೆರಿಗೆಗೆ ಚಿಕ್ಕಜಾಜೂರಿನ ತವರಿಗೆ ಹೋದೆ. ಅಪ್ಪನಿಗೆ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ. ಮನೆ ಹಳಿಯ ಪಕ್ಕದಲ್ಲೇ. ಮಗಳು ಹುಟ್ಟಿ ಐದು ತಿಂಗಳಾದ ಮೇಲೆ ಮಾವ ನಮ್ಮನ್ನು ಕರೆದೊಯ್ಯಲು ಬಂದರು. ಅಪ್ಪ ಅಡ್ಡ ನಿಂತ.

"ಫ್ಯಾನಿನ ಗುಂಯ್ ಸದ್ದು ಮಗೀನ ತಲೆಗೆ ಒಳ್ಳೇದಲ್ಲಂತೆ ಬೀಗ್ರೆ. ಮೊಬೈಲ್‌ನಾಗೆ ಬಂದೈತೆ. ಒಂದ್ ವರ್ಷ ಇಲ್ಲೇ ಇರ್ಲಿ ಬಿಡ್ರಿ."

ಗಂಡ, ಶಾಲೆ, ನನ್ನ ಅಡುಗೆಮನೆ ಎಲ್ಲ ಅಲ್ಲಿ. ಮನೆಗೆ ಹೋಗಬೇಕೆಂದು ಜೀವ ತಹತಹಿಸುತ್ತಿತ್ತು.

"ಅದು ಫ್ಯಾನು ಎಷ್ಟು ದೂರ ಐತೆ ಅನ್ನೋದ್ರ ಮೇಲೈತೆ ಅಪ್ಪ," ಎಂದೆ. "ಮನೆ ಪಕ್ಕಕ್ಕೇ ನಿಲ್ಸಿದ್ರೆ ನಿದ್ದೆ ಕೆಡ್ತೈತೆ. ಹಂಗೆ ನಿಲ್ಸಬ್ಯಾಡ್ರಿ ಅಂತ ಗ್ರಾಮಸಭೇಲಿ ನಾನೇ ಜಗಳ ಆಡಿದೀನಿ. ನಮ್ಮನೆ ದೂರ ಐತೆ."

ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬೇಕಾದವರಿಗೆ ಇಂಥ ಉತ್ತರ ಉಪ್ಪಿಲ್ಲದ ಸಾರು. ಅಪ್ಪ ಜಗ್ಗಲಿಲ್ಲ.

"ಏನೇ ಹೇಳು, ಹಗಲೂ ರಾತ್ರಿ ಸದ್ದು ಕೇಳ್ಕಂಡು ಬೆಳೆಯೋ ಮಗು..."

ಅಷ್ಟರಲ್ಲಿ ಹಿತ್ತಲಾಚೆ ಅದಿರು ತುಂಬಿದ ಗೂಡ್ಸ್ ಗಾಡಿ ಬಂತು. ಅಪ್ಪ ಬಾಯಿ ತೆರೆದಂತೆಯೇ ಕುಳಿತ. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ: ಗಾಡಿ ಬಂದರೆ ಮಾತು ನಿಲ್ಲಿಸುವುದು, ಕೊನೆಯ ಡಬ್ಬಿ ದಾಟಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುವುದು. ಹೀಗೆ ಮಾಡುತ್ತೇವೆಂಬುದೂ ನಮಗೆ ಗೊತ್ತಿರುವುದಿಲ್ಲ. ಗೋಡೆಯ ಪಟ ಅಲುಗಿತು. ತಟ್ಟೆಯಲ್ಲಿದ್ದ ಚಹಾ ಲೋಟಗಳು ಕುಣಿದವು. ಮಗಳು ತೊಟ್ಟಿಲಲ್ಲಿ ಕೈಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ಗಾಡಿ ದಾಟಿತು.

"...ಹೆಂಗೆ ಚೆನ್ನಾಗಿರ್ತೈತೆ?" ಎಂದ ಅಪ್ಪ.

ಮಾವ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಅಮ್ಮ ಅಡುಗೆಮನೆಯಲ್ಲೇ ಬಿದ್ದು ಬಿದ್ದು ನಕ್ಕಳು. ಅಪ್ಪ ಮೊದಲು ಮುಖ ಗಂಟಿಕ್ಕಿ, ಆಮೇಲೆ ತಾನೂ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

"ಫ್ಯಾನಿನ ಸದ್ದಲ್ಲವ್ವ. ನಾಳೆಯಿಂದ ಇದರ ಅಳು ಕೇಳಲ್ಲಲ್ಲ, ಅದಕ್ಕೇ ಸಂಕಟ."

ನನಗೆ ಅಪ್ಪನ ಮೇಲಿದ್ದ ಸಿಟ್ಟೆಲ್ಲ ಕರಗಿಹೋಯಿತು. ದಾರಿ ಹುಡುಕಿದವರು ಮಾವ.

"ಹಂಗಾದ್ರೆ ತಿಂಗಳಿಗೊಂದ್ಸಲ ನೀವೇ ಬಂದು ಆ ಸದ್ದು ಪರೀಕ್ಷೆ ಮಾಡ್ರಿ ಬೀಗ್ರೆ. ಇವತ್ತೇ ಶುರುವಾಗ್ಲಿ, ಹೋಗಾಣ ಬರ್ರಿ."

ಅಪ್ಪ ಅಂಗಿ ಬದಲಿಸಿ ಹೊರಟೇಬಿಟ್ಟ. ಈಗ ಮಗಳಿಗೆ ಮೂರು ವರ್ಷ. ಪರೀಕ್ಷೆ ಒಂದು ತಿಂಗಳೂ ತಪ್ಪಿಲ್ಲ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡದ ಬುಡದವರೆಗೆ ಹೋಗಿಬರುತ್ತಾನೆ.

"ಏನಾಯ್ತು ಬೀಗ್ರೆ, ಸದ್ದು ಒಳ್ಳೇದೋ ಕೆಟ್ಟದ್ದೋ?" ಎಂದು ಮಾವ ಪ್ರತಿ ಸಲವೂ ಕೇಳುತ್ತಾರೆ.

"ಇನ್ನೂ ಗೊತ್ತಾಗ್ತಿಲ್ರಿ," ಎನ್ನುತ್ತಾನೆ ಅಪ್ಪ, ಮುಖ ಬಿಗಿಹಿಡಿದು. "ಮುಂದಿನ ತಿಂಗಳೂ ಬರ್ಬೇಕಾಗ್ತೈತೆ."