ಗಂಟೆಯಿಲ್ಲದ ಕುರಿಹಿಂಡು

ಕೆಂಭಾವಿಯ ಅಮೋಘಸಿದ್ದನ ಮೂಗು ಮುರಿದು ಒಂದು ಬದಿಗೆ ಕೂತಿತ್ತು. ಹರೆಯದಲ್ಲಿ ಉಣ್ಣೆ ಮಾರಲು ಸಿಕಂದರಾಬಾದಿಗೆ ಹೋದವನು ಅಲ್ಲಿನ ದಂಡಿನಲ್ಲೇ ಉಳಿದು ಬಾಕ್ಸಿಂಗ್ ಕಲಿತ. ಹಗ್ಗ ಕಟ್ಟಿದ ಕಣದಲ್ಲಿ, ಸಿಪಾಯಿಗಳ ಕೇಕೆಯ ನಡುವೆ, ಕೂಲಿಗೆ ಗುದ್ದಾಡಿ ಹೊಟ್ಟೆ ಹೊರೆದ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಊರಿಗೆ ಮರಳಿ, ಮಾಳಮ್ಮನನ್ನು ಮದುವೆಯಾಗಿ, ಅಪ್ಪನ ಕುರಿಗಳನ್ನು ಕಾಯತೊಡಗಿದ.

ಊರಿನವರಿಗೆ ಅವನ ಗುದ್ದು ನೋಡುವ ಆಸೆ. ಅವನು ಯಾರನ್ನೂ ಗುದ್ದಲಿಲ್ಲ. ಕಟ್ಟೆಯ ಹತ್ತಿರ ಪಡ್ಡೆಹುಡುಗರು ಮೈಮೇಲೆ ಬಂದರೆ ಅವರ ಕೈ ನೋಡದೆ ಭುಜ ನೋಡುತ್ತ ತಲೆಯನ್ನು ತುಸು ಹೊರಳಿಸುತ್ತಿದ್ದ. ಗುದ್ದು ಗಾಳಿಗೆ ಹೋಗುತ್ತಿತ್ತು. ಇನ್ನೂ ಹತ್ತಿರ ಬಂದರೆ ಅವರ ತೋಳುಗಳನ್ನು ತನ್ನ ಕಂಕುಳಲ್ಲಿ ಅವುಚಿ ಮೈಭಾರ ಹಾಕಿ ನಿಲ್ಲುತ್ತಿದ್ದ.

“ಏನ್ ಕಾಕಾ, ದಂಡಿನ್ಯಾಗ ಹೊಡಿಯೋದು ಕಲ್ತಿಯೋ, ಅಪ್ಪಿಕೊಳ್ಳೋದು ಕಲ್ತಿಯೋ?”

“ಹೊಡಿಯಾಕ ಯಾರಿಗರ ಬರ್ತದ. ಹೊಡಸ್ಕೊಂಡು ನಿಂದ್ರಾಕ ಬರಬೇಕಲೇ.”

ದಂಡಿನಿಂದ ಬಂದ ಇನ್ನೊಂದು ಅಭ್ಯಾಸವೂ ಇತ್ತು. ಕಣದಲ್ಲಿ ಸುತ್ತು ಮುಗಿದ ಗಂಟೆ ಬಡಿದರೆ ಎತ್ತಿದ ಕೈ ಇಳಿಯಲೇಬೇಕು. ಮುಂದಾಳು ಟಗರಿನ ಕೊರಳಗಂಟೆ ಜೋರಾಗಿ ಅಲುಗಿದರೂ ಅವನ ಭುಜಗಳು ತಾವಾಗಿ ಸಡಿಲುತ್ತಿದ್ದವು. “ಟಗರಿಗೂ ಸಲಾಮ್ ಹೊಡೀತೀರೇನು?” ಎಂದು ಮಾಳಮ್ಮ ನಗುತ್ತಿದ್ದಳು.

ಪೊಲೀಸ್ ಆಕ್ಷನ್ ಆಗಿ ನಿಜಾಮರ ಬಾವುಟ ಇಳಿದ ವಾರವೇ ಮುಸಲ್ಮಾನರ ಮೇಲೆ ಸೇಡಿನ ಗುಂಪುಗಳು ಎದ್ದವು. ಅರಳೆ ಹಿಂಜುವ ದಸ್ತಗೀರ, ಅವನ ಹೆಂಡತಿ ಅನ್ವರಬಿ ನಡುಮಧ್ಯಾಹ್ನ ಓಡಿಬಂದು ಪಕ್ಕದ ಅಮೋಘಸಿದ್ದನ ಮನೆ ಹೊಕ್ಕರು. ಬೆನ್ನಿಗೇ ಭಾಗಣ್ಣನ ಗುಂಪು ಬಂತು. ಭಾಗಣ್ಣನ ತಮ್ಮನನ್ನು ನಿಜಾಮರ ಪರದ ರಜಾಕಾರರು ಕೊಂದಿದ್ದರು.

ಮಾಳಮ್ಮ ಇಬ್ಬರಿಗೂ ಕುರಿಕಾಯುವವರಂತೆ ಕಂಬಳಿಯ ಕೊಪ್ಪೆ ಹಾಕಿದಳು. ಟಗರಿನ ಗಂಟೆಯೊಳಗೆ ಸದ್ದಾಗದಂತೆ ಉಣ್ಣೆ ತುರುಕಿದಳು. “ಹಿತ್ತಲ ದೊಡ್ಡಿಯಿಂದ ಹಿಂಡಿನ ಕೂಡ ಹೊಂಟೀವಿ. ಗುಡ್ಡ ದಾಟೂತನ ಬಾಗಲ ಬಿಡಬ್ಯಾಡ್ರಿ,” ಎಂದು ಗಂಡನಿಗೆ ಹೇಳಿದಳು.

ಬಾಗಿಲು ಸಣ್ಣದು, ಒಮ್ಮೆಗೆ ಒಬ್ಬನೇ ತೂರಬಹುದು. ಅಮೋಘಸಿದ್ದ ಅಲ್ಲಿ ನಿಂತ.

“ಸರಿಯೋ ಸಿದ್ದಾ. ನನ್ನ ತಮ್ಮನ್ನ ತಿಂದ ಮಂದಿ ಅದು.”

“ದಸ್ತಗೀರ ಅರಳಿ ಹಿಂಜಾಂವ, ಭಾಗಣ್ಣ. ನಿನ್ನ ಮಗಳ ಮದವಿ ಗಾದಿ ಮಾಡಿದಾಂವ.”

“ಗಾದಿ ಮಾತು ಬ್ಯಾಡ. ಸರಿ!”

ಅಮೋಘಸಿದ್ದ ಮೊದಲು ಬಂದವನನ್ನು ತೋಳೊಳಗೆ ಅವುಚಿ ಹಿಡಿದ, ಅವನು ಸೋತ ಮೇಲೆ ಹೊರಗೆ ತಳ್ಳಿದ. ಮುಂದಿನವನನ್ನೂ ಹಾಗೆಯೇ. ಪಕ್ಕೆಗೆ ಗುದ್ದುಗಳು ಬಿದ್ದವು, ತುಟಿ ಹರಿಯಿತು. ಅವನು ತಿರುಗಿ ಹೊಡೆಯಲಿಲ್ಲ. ಒಬ್ಬನ ಮೂಗಿನಲ್ಲಿ ನೆತ್ತರು ಕಂಡರೆ ಹಿಂದಿದ್ದ ಕೊಡಲಿಗಳೆಲ್ಲ ಒಟ್ಟಿಗೆ ಏಳುತ್ತವೆಂದು ಅವನಿಗೆ ಗೊತ್ತಿತ್ತು. ಮೂಗಿನಿಂದ ಉಸಿರಾಡುತ್ತ, ಸಿಟ್ಟಾಗದೆ, ಹೊತ್ತು ಕಳೆದ.

ಗುಡ್ಡದ ಏರಿನಲ್ಲಿ ಟಗರು ಜಾಲಿಪೊದೆಗೆ ಕೊರಳು ಉಜ್ಜಿತು. ಉಣ್ಣೆ ಉದುರಿತು. ಗಂಟೆ ಬಡಿಯಿತು.

ಅಮೋಘಸಿದ್ದನ ಕೈಗಳು ಇಳಿದವು. ಆ ಗಳಿಗೆಯಲ್ಲಿ ಭಾಗಣ್ಣನ ಬಡಿಗೆ ಅವನ ಕಣತಲೆಗೆ ಬಿತ್ತು. ಗುಂಪು ಅವನನ್ನು ದಾಟಿ ಒಳಗೆ ನುಗ್ಗಿ, ಯಾರೂ ಕಾಣದೆ ಮಡಕೆ ಒಡೆದು ಹೋಯಿತು. ದೂರದ ಗಂಟೆಯನ್ನು ಯಾವುದೋ ಮೇಯುವ ಹಿಂಡಿನದೆಂದೇ ತಿಳಿದರು.

ಹಿಂಡು ಶಹಾಪುರ ಮುಟ್ಟಿತು. ದಸ್ತಗೀರ, ಅನ್ವರಬಿ ನೆಂಟರ ಮನೆ ಸೇರಿದರು. ಮಾಳಮ್ಮ ತಿರುಗಿ ಬಂದಾಗ ಗಂಡ ಹೊಸ್ತಿಲಲ್ಲಿ ಬಿದ್ದಿದ್ದ, ಉಸಿರಿತ್ತು. ಒಂದು ಕಣ್ಣು ಹೋಯಿತು. ಬುದ್ಧಿ ಅದೇ ಮಧ್ಯಾಹ್ನದಲ್ಲಿ ನಿಂತಿತು. ಮುಷ್ಟಿಗಳನ್ನು ಎದೆಯ ಮುಂದೆ ಎತ್ತಿಕೊಂಡು ಬಾಗಿಲಲ್ಲಿ ಕೂರುತ್ತಿದ್ದ. ಮಾಳಮ್ಮ ಆ ಗಂಟೆಯನ್ನು ಬಾವಿಗೆ ಎಸೆದಳು, ಮತ್ತೊಂದನ್ನು ಕಟ್ಟಲಿಲ್ಲ. “ಹೊಡಿಯಾಕ ಬಂದವರನ್ನ ಅಪ್ಪಿಕೊಂಡ, ಒಂದೇಟರ ಹೊಡೀಲಿಲ್ಲ ನೋಡು,” ಎಂದು ಊರು ಆಡಿಕೊಂಡಿತು.

ಹೈದರಾಬಾದ್ ಸೀಮೆಯ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದ ವರ್ಷ ಅನ್ವರಬಿ ಬಂದಳು, ಒಬ್ಬಳೇ. ದಸ್ತಗೀರ ಜ್ವರದಲ್ಲಿ ತೀರಿಕೊಂಡಿದ್ದ. ಬಾಗಿಲಲ್ಲಿ ಕೂತವನಿಗೆ ಅವಳ ಗುರುತು ಹತ್ತಲಿಲ್ಲ.

“ಅವರು ಗುಡ್ಡ ದಾಟಿದ್ರೇನವ್ವಾ?” ಎಂದು ಕೇಳಿದ.

“ದಾಟೀವ್ರೀ ಅಣ್ಣಾ. ಇಬ್ಬರೂ ದಾಟೀವಿ.”

ಅವನ ಕೈಗಳು ಮೆಲ್ಲಗೆ ತೊಡೆಯ ಮೇಲೆ ಬಂದವು. ಅನ್ವರಬಿ ಅವುಗಳನ್ನು ಹಿಡಿಯಲು ಬಾಗಿದಳು. ಅಷ್ಟರಲ್ಲಿ ಅವು ಮತ್ತೆ ಮೇಲೆದ್ದವು.

“ಅವರು ದಾಟಿದ್ರೇನವ್ವಾ?”