ನಾನು ಗುಳಿಗೆ ಬಿಟ್ಟಿರಲಿಲ್ಲ

ಬ್ಲೌಸಿನ ಹೊಲಿಗೆ ಉಜ್ಜಿರಬೇಕು ಅಂದುಕೊಂಡೆ. ಎಡಪಕ್ಕೆಯಲ್ಲಿ ಚುರುಚುರು. ಬೆಳಗಾವಿಯ ಎರಕದ ಫೌಂಡ್ರಿಯಲ್ಲಿ ದಿನವಿಡೀ ಮರಳಿನ ಅಚ್ಚು ಒತ್ತುವವಳಿಗೆ ಅದು ಹೊಸದೇನಲ್ಲ. ಮೂರನೆಯ ದಿನ ನೀರುಗುಳ್ಳೆ ಎದ್ದವು. ಬೆನ್ನಿನಿಂದ ಹೊಟ್ಟೆಯ ಕಡೆಗೆ ಸಾಲು ಹಿಡಿದು ಬಂದವು. ಸೆರಗು ತಾಗಿದರೂ ಕಾದ ಸಲಾಕೆ ಎಳೆದಂತೆ. ಕೆಲಸದ ನಡುವೆ ನೆಲಕ್ಕೆ ಕುಸಿದು ಕೂತು, ಚೀರಬಾರದೆಂದು ರಕ್ತ ಬರುವಷ್ಟು ತುಟಿ ಕಚ್ಚಿದೆ.

ಸರ್ಪಸುತ್ತು.

ನನಗೆ ಎಚ್‌ಐವಿ ಇದೆ. ಗಂಡ ಸಾಯುವಾಗ ಬಿಟ್ಟುಹೋದ ಆಸ್ತಿ ಅದೊಂದೇ. ಒಂಬತ್ತು ವರ್ಷದಿಂದ ಗುಳಿಗೆ ನುಂಗುತ್ತಿದ್ದೇನೆ, ಒಂದು ದಿನವೂ ತಪ್ಪಿಲ್ಲ. ತಪ್ಪಿಸಲು ಅಣ್ಣ ಬಿಡಬೇಕಲ್ಲ! ಪಾರಿಶ್ವಾಡದಲ್ಲಿ ಹೊಲ ಮಾಡಿಕೊಂಡಿರುವ ನನ್ನಣ್ಣ ಮಾರುತಿ ದಿನಾ ಊಟದ ಹೊತ್ತಿಗೆ ಫೋನ್ ಮಾಡಿ "ನುಂಗಿದೇನ್ ತಂಗಿ?" ಅನ್ನುತ್ತಿದ್ದ. ಬಳಗವೆಲ್ಲ ದೂರ ಸರಿದಾಗ ನನ್ನ ತಟ್ಟೆಯಲ್ಲೇ ಉಂಡವನು ಅವನೊಬ್ಬ. ಅವನೂ ನನ್ನನ್ನು ನಂಬದಿದ್ದರೆ ನನಗೆ ಯಾರೂ ಇಲ್ಲ.

ಸುದ್ದಿ ಕೇಳಿ ಓಡಿಬಂದ. ಗುಳ್ಳೆ ನೋಡಿ ಮುಖ ಕೆಂಪಾಯಿತು. ಗುಳಿಗೆ ಬಿಟ್ಟರೆ ಇಂಥ ರೋಗ ಏಳುತ್ತವೆ ಅಂತ ಅವನಿಗೆ ಗೊತ್ತಿತ್ತು.

"ಗುಳಿಗಿ ಬಿಟ್ಟೀಯಲ್ಲ? ಖರೇ ಹೇಳು!"

"ದೇವ್ರಾಣಿ ಬಿಟ್ಟಿಲ್ಲೋ ಅಣ್ಣಾ."

"ಮತ್ತ ಇದೆಲ್ಲಿಂದ ಬಂತು? ದಿನಾ ಫೋನಿನ್ಯಾಗ ಸುಳ್ಳ ಹೇಳಿದಿ ನನಗ!"

ಕಪಾಳಕ್ಕೆ ಬಾರಿಸಿದ.

ಹುಟ್ಟಿದಾಗಿನಿಂದ ನನ್ನ ಮೇಲೆ ಕೈ ಎತ್ತಿದವನಲ್ಲ. ಪೆಟ್ಟು ಹೋಗಲಿ, ಸುಳ್ಳಿ ಅಂದನಲ್ಲ! ಗುಳಿಗೆಯ ಡಬ್ಬಿಯನ್ನು ಅವನ ಎದೆಗೇ ಎಸೆದೆ. "ಎಣಿಸ್ಕೋ, ಎಷ್ಟು ಉಳದಾವ ಎಣಿಸ್ಕೋ!" ಅಂತ ಚೀರಿದೆ. ಅವನು ಎಣಿಸಲಿಲ್ಲ.

ಗುಳ್ಳೆಯ ಸಾಲು ಮೈ ಸುತ್ತಿ ಸರ್ಪದ ತಲೆ, ಬಾಲ ಕೂಡಿದರೆ ಜೀವ ಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ನಡುವೆ ಬರೆ ಎಳೆದು ಅದರ ದಾರಿ ಕಡಿಯಬೇಕಂತೆ. ಮರುದಿನ ಅಣ್ಣ ಖಾನಾಪುರದ ಆಚೆ ಬರೆ ಎಳೆಯುವ ಒಬ್ಬ ಮುದುಕನ ಹತ್ತಿರ ಕರೆದೊಯ್ದ. ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತು ಅಂತ ಕೇಳುತ್ತೀರಿ. "ನೀ ಖರೇ ಇದ್ದರ ನಡಿ" ಅಂದಿದ್ದ ಅಣ್ಣ. ಆ ಹಟಕ್ಕೆ ಹೋದೆ. ನನ್ನ ಎರಡೂ ಕೈ ಅಣ್ಣನೇ ಒತ್ತಿ ಹಿಡಿದ. ಕೆಂಪಗೆ ಕಾಸಿದ ಕುಡುಗೋಲಿನ ತುದಿ ಬೆನ್ನಿಗಿಳಿಯಿತು. ಚರ್ಮ ಚುಂಯ್ ಅಂದಿತು. ಸುಟ್ಟ ವಾಸನೆ ಬಂತು, ಅದು ನನ್ನದೇ. ಅಣ್ಣನ ಮುಂಗೈಗೆ ಹಲ್ಲು ಊರಿ ಕಚ್ಚಿದೆ. ಅವನು ಬಿಡಲಿಲ್ಲ.

ಬರೆ ಕೀವಾಯಿತು. ಹಲ್ಲು ಕಟಕಟ ಅನ್ನುವಂಥ ಚಳಿಜ್ವರ. ಬೆಳಗಾವಿಯ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿಕೊಂಡರು. ಪ್ರತಿ ಬೆಳಿಗ್ಗೆ ಡ್ರೆಸ್ಸಿಂಗ್ ಕಿತ್ತಾಗ ಮಂಚದ ಸರಳು ಹಿಡಿದು, ವಾರ್ಡೆಲ್ಲ ಕೇಳುವಂತೆ ಅರಚಿದೆ. ಐದನೆಯ ದಿನ, ನನಗೆ ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಡಾಕ್ಟರ್ ಮೇಡಂ ರಿಪೋರ್ಟ್ ಹಿಡಿದು ಬಂದರು. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್, ಪತ್ತೆಯೇ ಆಗದಷ್ಟು ಕಡಿಮೆ.

"ನಿಮ್ಮ ತಂಗಿ ಕಸ್ತೂರಿ ಗುಳಿಗಿ ಬಿಟ್ಟಿಲ್ರಿ," ಅಂದರು ಅಣ್ಣನಿಗೆ. "ಬಿಟ್ಟಿದ್ರ ವೈರಸ್ ಎದ್ದು ಕುಂದರ್ತಿತ್ತು."

"ಮತ್ತ ಇದ್ಯಾಕ ಬಂತ್ರಿ ಮೇಡಂ?"

"ವೈರಸ್ ಸುಮ್ಮನಾದ್ರೂ ಕೆಲವರಿಗೆ ರೋಗ ತಡಿಯೋ ಶಕ್ತಿ ಪೂರಾ ವಾಪಸ್ ಬರಂಗಿಲ್ರಿ. ವರ್ಷಾನುಗಟ್ಟಲೆ ಬಡದಾಡಿ ದಣದಿರ್ತೈತಿ. ಮೈಯಾಗ ಸಣ್ಣ ಉರಿ ಇದ್ದೇ ಇರ್ತೈತಿ. ಇದರಾಗ ಇವರ ತಪ್ಪೇನೂ ಇಲ್ಲ."

ಗುಳಿಗೆ ನುಂಗಿದರೆ ಮೈ ಮೊದಲಿನಂತೆ ಆಗುತ್ತದೆ ಅಂತ ನಾನೂ ನಂಬಿದ್ದೆ. ಸಿಟ್ಟು ಉಕ್ಕಿತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಆ ಸಣ್ಣ ಉರಿ ಹೃದಯಕ್ಕೂ ಕೆಡುಕಂತೆ, ಇನ್ನು ಮುಂದೆ ಬಿಪಿ, ಹಾರ್ಟು ಎಲ್ಲ ತೋರಿಸುತ್ತಿರಬೇಕಂತೆ. ಆಗಲಿ. ಬದುಕಿದ್ದೇನಲ್ಲ.

ಮೇಡಂ ಹೋದ ಮೇಲೆ ಅಣ್ಣ ಮಂಚದ ಪಕ್ಕ ನೆಲಕ್ಕೆ ಕೂತ. ಆಮೇಲೆ ಮುಖ ಮುಂದೆ ಮಾಡಿದ.

"ಹೊಡಿ ತಂಗಿ."

ಬೇಡ ಬಿಡು ಅನ್ನಬೇಕೆಂದಿದ್ದೆ. ಕೈ ಕೇಳಲಿಲ್ಲ. ಸಲೈನ್ ಹಚ್ಚಿರದ ಕೈಯಿಂದ, ಇದ್ದಬದ್ದ ಕಸುವನ್ನೆಲ್ಲ ಕೂಡಿಸಿ ಬಾರಿಸಿದೆ. ಸಪ್ಪಳಕ್ಕೆ ನರ್ಸ್ ಓಡಿ ಬಂದಳು.

"ಏನ್ ನಡಸೀರಿ ಇಲ್ಲಿ?"

ಅಣ್ಣ ಕೆನ್ನೆ ಸವರಿಕೊಂಡ. ಅಳುತ್ತಿದ್ದ.

"ಏನಿಲ್ರಿ ಸಿಸ್ಟರ್. ನಮ್ಮ ತಂಗಿಗೆ ಶಕ್ತಿ ಬರಾಕತ್ತೈತಿ."